ಗಿಡ ಬೇಡ, ಮರ ಬೇಕು

ನಮ್ಮ ಮನೆಯಲ್ಲಿ ಮರ ಗೋಡೆಯ ಗೂಟಕ್ಕೆ ನೇತಾಡುತ್ತದೆ. ಮೈಸೂರು ಕಡೆಯ ಓದುಗರು ಗಾಬರಿಯಾಗಬಾರದು. ನಮ್ಮದು ಅಂಥ ಎತ್ತರದ ಮನೆಯೂ ಅಲ್ಲ, ಅಂಥ ಗಟ್ಟಿ ಗೂಟವೂ ಅಲ್ಲ. ಕಾಳು ಕೇರುವ ಬಿದಿರಿನ ಸಾಮಾನಿಗೆ ನೀವು ಮೊರ ಎನ್ನುತ್ತೀರಿ, ಕೊಪ್ಪಳದವರಾದ ನಾವು ಮರ ಎನ್ನುತ್ತೇವೆ. ಹಾಗಾದರೆ ಬೇರು ಬಿಟ್ಟು, ಟೊಂಗೆ ಚಾಚಿ, ದಾರಿಹೋಕರಿಗೆ ನೆರಳು ಕೊಡುವ ಆ ಮಹಾನುಭಾವನಿಗೆ ಏನೆನ್ನುತ್ತೀರಿ ಎಂದು ನೀವು ಕೇಳುವುದು ಸಹಜ. ಗಿಡ ಎನ್ನುತ್ತೇವೆ. ಆಲದ ಗಿಡ, ಬೇವಿನ ಗಿಡ, ಹುಣಸಿ ಗಿಡ. ನೂರು ಜನ ಕೆಳಗೆ ಕೂತು ಪಂಚಾಯ್ತಿ ಮಾಡಿದರೂ ಅದು ನಮ್ಮ ಪಾಲಿಗೆ ಗಿಡವೇ. ಇನ್ನು ಅಡವಿಗೆ ಹೋಗಿ ಬರುತ್ತೇನೆ ಎಂದು ನಮ್ಮವರು ಹೊರಟರೆ ಹುಲಿಯ ಭಯ ಪಡಬೇಕಾಗಿಲ್ಲ. ಹೊಲಕ್ಕೆ ಹೋಗಿದ್ದಾರೆ ಎಂದರ್ಥ. ಕಲ್ಲಿನಲ್ಲಿ ಕುಬೇರರಾದ ನಾವು ಕಾಡಿನಲ್ಲಿ ಬಡವರು. ಇಲ್ಲದ ಕಾಡಿನ ಹೆಸರನ್ನು ಇದ್ದ ಹೊಲಕ್ಕೆ ಕೊಟ್ಟು ತೃಪ್ತರಾಗಿದ್ದೇವೆ.

ಪುಸ್ತಕ ಓದಿದ ನಿನಗಾದರೂ ಮರವೆಂದರೇನು ಗೊತ್ತಿರಲಿಲ್ಲವೇ ಎಂದರೆ ನನ್ನ ಉತ್ತರ ಸ್ವಲ್ಪ ಅಡ್ಡಾದಿಡ್ಡಿಯಾಗಿದೆ. ನಿಜಾಮರ ಸೀಮೆಯ ಸಾಲೆಯಲ್ಲಿ ನಾನು ಕಲಿತದ್ದು ಉರ್ದು. ಅಲ್ಲಿ ಅದು ದರಖ್ತು. ಸಂಜೆ ಮನೆಗೆ ಬಂದರೆ ಗಿಡ. ಸಾಲೆಗೂ ಮನೆಗೂ ನಡುವಿನ ದಾರಿಯಲ್ಲಿ ಮರ ಎಲ್ಲಿಯೂ ಸಿಗಲಿಲ್ಲ. ಕನ್ನಡ ಪುಸ್ತಕಗಳನ್ನು ಆಮೇಲೆ ನಾನೇ ಓದಿಕೊಂಡೆ. ಅವುಗಳಲ್ಲಿ ಮರ ಎದುರಾದಾಗ ಅದು ಪುಸ್ತಕದೊಳಗೆ ಮಾತ್ರ ಬೆಳೆಯುವ ಯಾವುದೋ ಉತ್ತಮ ಜಾತಿಯೆಂದು ಗೌರವದಿಂದ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಪುಸ್ತಕದ ಮರ ಪುಸ್ತಕದಲ್ಲಿತ್ತು, ಅವ್ವನ ಮರ ಗೂಟದಲ್ಲಿತ್ತು. ಅವೆರಡೂ ಪರಸ್ಪರ ತಂಟೆಗೆ ಹೋಗದೆ ನನ್ನ ತಲೆಯಲ್ಲಿ ಸುಖವಾಗಿದ್ದವು.

ಅವುಗಳ ನಡುವೆ ಜಗಳ ಹಚ್ಚಿದವರು ನಮ್ಮೂರಿಗೆ ಹೊಸದಾಗಿ ಬಂದ ಚಿಕ್ಕ ಸ್ಟೇಷನ್ ಮಾಸ್ತರರು. ಅವರು ಮೈಸೂರು ಕಡೆಯವರು, ಮೃದುಭಾಷಿಗಳು, ಫೋಟೋದ ಹುಚ್ಚಿನವರು. ಯುದ್ಧ ನಡೆದಿದ್ದ ಕಾಲ. ಸಕ್ಕರೆ, ಸೀಮೆಎಣ್ಣೆಗಳ ಜೊತೆಗೆ ಕ್ಯಾಮೆರಾದ ರೀಲೂ ಪೇಟೆಯಿಂದ ಕಾಣೆಯಾಗಿತ್ತು. ಆದರೂ ಅವರ ಪೆಟ್ಟಿಗೆಯಲ್ಲಿ ಹೊಚ್ಚಹೊಸ ರೀಲೊಂದಿತ್ತು. ಅದನ್ನು ಬಹುಮಾನವಾಗಿಟ್ಟು ನಮ್ಮಂಥ ಹವ್ಯಾಸಿಗಳಿಗಾಗಿ ಒಂದು ಸ್ನೇಹಪಂದ್ಯ ಏರ್ಪಡಿಸಿದರು. ಸಂಜೆಯ ಗಾಡಿ ಹೋದ ಮೇಲೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಸಭೆ ಸೇರಿತು. ನನ್ನ ಗೆಳೆಯ ಹಣಮಂತ, ಇನ್ನಿಬ್ಬರು, ನಾನು.

ಯಾವುದರ ಚಿತ್ರ ತೆಗೆಯಬೇಕು ಎಂಬ ಪ್ರಶ್ನೆ ಬಂತು. ನಾನೇ ಕೇಳಿದೆ, “ಗಿಡದ ಫೋಟೋ ತಗದ್ರ ನಡೀತೈತೇನ್ರಿ?”

ಮಾಸ್ತರರಿಗೆ ಬಹುಶಃ ತುಳಸಿಯ ಕುಂಡ ಕಣ್ಣಿಗೆ ಕಟ್ಟಿರಬೇಕು. “ಗಿಡ ಬೇಡ ಕಣ್ರಿ. ಗಿಡ ಯಾರು ಬೇಕಾದ್ರೂ ತೆಗೀತಾರೆ. ಮರ ತೆಗೀರಿ, ಮರ! ಹಳೇದಾದಷ್ಟೂ ಚೆಂದ. ಒಂದೇ ಇದ್ರೂ ಸರಿ, ಸಾಲಾಗಿದ್ರೂ ಸರಿ. ಬಿಸಿಲು ಮಾತ್ರ ಓರೆಯಾಗಿ ಬೀಳ್ಬೇಕು” ಎಂದರು.

ನಾನು ದಿನಚರಿ ಬರೆಯುವವನು. ತಿಂದ ರೊಟ್ಟಿ, ತಡವಾಗಿ ಬಂದ ಬಸ್ಸು, ಆಡಿ ಸೋತ ವಾದ, ಇವೆಲ್ಲಕ್ಕೂ ತಾರೀಖು ಹಾಕಿ ಇಡುವವನು. ಅಂಥವನಿಗೆ ಇಷ್ಟು ಸ್ಪಷ್ಟವಾದ ಆಜ್ಞೆ ಸಿಕ್ಕರೆ ಕೇಳಬೇಕೇ? “ಗಿಡ ಕೂಡದು. ಮರ, ಹಳೆಯದು. ಬಿಸಿಲು ಓರೆ” ಎಂದು ಅಲ್ಲಿಯೇ ಬರೆದುಕೊಂಡೆ. ವಿಚಿತ್ರವೆನಿಸಿದ್ದು ನಿಜ. ಆದರೆ ಕಲೆಯೆಂದರೆ ವಿಚಿತ್ರವಾಗಿರಬೇಕೆಂಬ ತಿಳಿವಳಿಕೆ ನನಗೆ ಮೊದಲಿನಿಂದಲೂ ಇತ್ತು. ಬಿದಿರಿನ ಹೆಣಿಗೆ, ಅದರ ಮೇಲೆ ಓರೆ ಬಿಸಿಲು, ಸೀಳು ಸೀಳಾದ ನೆರಳು… ಮಾಸ್ತರರು ಸಾಮಾನ್ಯರಲ್ಲ ಎಂದು ತಲೆದೂಗಿದೆ.

ಮುಂಬಯಿಯ ಸೋದರಮಾವ ಕೊಟ್ಟ ಡಬ್ಬಿ ಕ್ಯಾಮೆರಾ ನನ್ನಲ್ಲಿತ್ತು; ರೀಲು ಇರಲಿಲ್ಲ. ಅಪ್ಪ ನಮ್ಮೂರ ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ ಇಟ್ಟವರು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರನ್ನು ಹಿಡಿದು ಎಂಟು ಚಿತ್ರಗಳ ಒಂದು ರೀಲು ತರಿಸಿಕೊಟ್ಟರು. ಆದರೆ ಅದು ನನ್ನ ಕಲೆಯ ಮೇಲಿನ ಪ್ರೀತಿಗಲ್ಲ. ನನ್ನ ತಂಗಿ ಗಿರಿಜೆಗೆ ಕುಷ್ಟಗಿಯ ಮನೆತನವೊಂದು ಕೇಳಿತ್ತು. ಹುಡುಗ ಚನ್ನಬಸಪ್ಪ ಹೈದರಾಬಾದಿನ ಸಾಲೆಯೊಂದರಲ್ಲಿ ಮಾಸ್ತರ. ಅವನಿಗೆ ರಜೆ ಕಡಿಮೆ. ಆದ್ದರಿಂದ ಮೊದಲು ಫೋಟೋ ಕಳಿಸಿರಿ, ಪಸಂದಾದರೆ ಬಂದು ನೋಡುತ್ತಾನೆ ಎಂದು ಅವನ ತಂದೆ ಬರೆದಿದ್ದರು. ಯಲಬುರ್ಗಿಯ ಇನ್ನೊಬ್ಬ ಹುಡುಗಿಯ ಫೋಟೋ ಆಗಲೇ ಹೈದರಾಬಾದಿಗೆ ಹೋಗಿದೆ ಎಂಬ ಸುದ್ದಿಯೂ ಬಂದಿತ್ತು.

“ಏಳು ನಿನ್ನ ಹುಚ್ಚಿಗೆ, ಒಂದು ನನ್ನ ಮಗಳಿಗೆ. ತಪ್ಪಿದ್ರ ಆ ಡಬ್ಬಿ ಬಾವಿಗೆ ಒಗೀತೀನಿ” ಎಂದರು ಅಪ್ಪ.

ಗಿರಿಜೆ ಒಳಗಿನಿಂದಲೇ ಗೊಣಗಿದಳು, “ಸಂತ್ಯಾಗ ಎತ್ತು ಕೊಳ್ಳಾವರೂ ಹತ್ರ ಬಂದು ಹಲ್ಲು ನೋಡತಾರ. ಇವರು ಕಾಗದಾನ ನೋಡತಾರಂತ. ಮತ್ತ ನಾ ಅವರನ್ನ ಯಾವದರಾಗ ನೋಡಲಿ?”

ಪ್ರಶ್ನೆ ನ್ಯಾಯವಾಗಿತ್ತು. ಆದರೆ ನನಗೆ ಪುರುಸೊತ್ತಿರಲಿಲ್ಲ, ಏಕೆಂದರೆ ಬಿಸಿಲು ಓರೆಯಾಗುತ್ತಿತ್ತು.

ಮೊದಲು ಗೂಟದಲ್ಲಿದ್ದ ಮರವನ್ನು ಗೂಟದಲ್ಲಿಯೇ ತೆಗೆದೆ. ಆಮೇಲೆ ಅವ್ವನನ್ನು ಅಂಗಳಕ್ಕೆ ಕರೆದು ಜೋಳ ಕೇರಲು ಹೇಳಿದೆ. “ಅಲ್ಲೋ ತಮ್ಮಾ, ಇದರಾಗ ಏನೈತಿ ನೋಡಾಕ?” ಎಂದು ಅವಳು ಕೇಳಿದಳು. “ನಿನಗ ತಿಳಿಯಂಗಿಲ್ಲವ್ವ, ಇದು ಕಲಾ” ಎಂದೆ. ನನಗೂ ತಿಳಿದಿರಲಿಲ್ಲವಾದ್ದರಿಂದ ಆ ಮಾತನ್ನು ತುಸು ಗಟ್ಟಿಯಾಗಿಯೇ ಹೇಳಿದೆ. ಹೊಟ್ಟು ಹಾರಿ ಕ್ಯಾಮೆರಾದ ಕಣ್ಣಿಗೆ ಬಿತ್ತು, ನನ್ನ ಕಣ್ಣಿಗೂ ಬಿತ್ತು. ಪಕ್ಕದ ಮನೆಯ ಸಗಣಿ ಸಾರಿಸಿದ ಹಳೆಯ ಮರ ಮೂರನೆಯದಾಯಿತು. ಬುಟ್ಟಿ ಹೆಣೆಯುವ ಮೇದಾರರ ಓಣಿಗೆ ಹೋದೆ. ಅಲ್ಲಿ ಮರಗಳು ಸಾಲಾಗಿಯೂ ಇದ್ದವು, ರಾಶಿಯಾಗಿಯೂ ಇದ್ದವು. ನಾನು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದಿದ್ದನ್ನು ಕಂಡು ಹೆಣೆಯುತ್ತಿದ್ದ ಮುದುಕಿ, “ಎಲ್ಲಾರೂ ಮರ ತಗೊಳ್ಳಾಕ ಬರತಾರಪ. ನೀ ಬರೇ ತಗ್ಯಾಕ ಬಂದಿಯೇನು?” ಎಂದು ಓಣಿಯನ್ನೆಲ್ಲ ನಗಿಸಿದಳು. ಆ ಶ್ಲೇಷೆಯನ್ನು ದಿನಚರಿಯಲ್ಲಿ ಬರೆದುಕೊಂಡು, ಕೆಳಗೆ ನನ್ನದೆಂದು ಸೂಚಿಸುವ ಹಾಗೆ ಒಂದು ಗೆರೆ ಎಳೆದೆ.

ಹೀಗೆ ಆರು ಮುಗಿದವು. ಏಳನೆಯದು ಎಲ್ಲವನ್ನೂ ಮೀರಿಸಬೇಕು. ಮನೆಯ ಮರವನ್ನು ಮಹಾಪ್ರಕೃತಿಯ ಮಡಿಲಲ್ಲಿಟ್ಟರೆ ಹೇಗೆ ಎಂಬ ಯೋಚನೆ ಹೊಳೆದದ್ದೇ ಅಂಗಡಿಯ ಕೆಲಸದ ನೆಪ ಮಾಡಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು ಅದು. ಏರು ಬಂದಾಗ ನಾವೇ ಅದನ್ನು ಓಡಿಸಬೇಕಾಗುತ್ತಿತ್ತು. ಒಂದು ಕೈಯಿಂದ ಬಸ್ಸು ನೂಕುತ್ತ, ಇನ್ನೊಂದು ಕಂಕುಳಲ್ಲಿ ಅವ್ವನ ಮರ ಹಿಡಿದಿದ್ದ ನನ್ನನ್ನು ನೋಡಿ ಒಬ್ಬರು “ಯಾಕ್ರೀ, ಗಂಗಾವತ್ಯಾಗ ಮರ ಸಿಗೂದಿಲ್ಲೇನ್ರಿ?” ಎಂದು ಮರುಕದಿಂದ ವಿಚಾರಿಸಿದರು. ಗಂಗಾವತಿಯಿಂದ ಎತ್ತಿನ ಚಕ್ಕಡಿಯಲ್ಲಿ ಆನೆಗೊಂದಿಗೆ ಹೋದೆ. ಬಾಳೆಯ ತೋಟ ದಾಟಿ ಹೊಳೆಯ ದಂಡೆಗೆ ಬಂದು, ಮನೆಯಷ್ಟು ದೊಡ್ಡ ಬಂಡೆಯ ನೆತ್ತಿಯ ಮೇಲೆ ಮರವನ್ನು ಒರಗಿಸಿ ನಿಲ್ಲಿಸಿ, ಕೆಳಗಿಳಿದು ಏಳನೆಯ ಚಿತ್ರ ತೆಗೆದೆ. ಜಗತ್ತಿನಲ್ಲಿ ಒಂದು ಮರಕ್ಕೆ ಇಷ್ಟು ಗೌರವ ಹಿಂದೆಂದೂ ಸಿಕ್ಕಿರಲಾರದು.

ಆಗ ಬಂಡೆಯ ಆಚೆ ಬದಿಯಿಂದ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದವನು ಹಣಮಂತ. ಅಲ್ಲೊಂದು ಆಲದ ಗಿಡವಿತ್ತು. ಅದರ ಬೇರುಗಳು ಬಂಡೆಯನ್ನು ಹತ್ತು ಕೈಗಳಿಂದ ತಬ್ಬಿಕೊಂಡಂತಿದ್ದವು. ಬಂಡೆ ಗಿಡವನ್ನು ಹೊತ್ತಿದೆಯೋ, ಗಿಡ ಬಂಡೆಯನ್ನು ಹಿಡಿದಿದೆಯೋ ಹೇಳುವ ಹಾಗಿರಲಿಲ್ಲ. ಅವನು ಅದರ ಚಿತ್ರ ತೆಗೆಯಲೆಂದೇ ಬಂದಿದ್ದ. ನನಗೆ ನಗು ತಡೆಯಲಾಗಲಿಲ್ಲ.

“ಲೇ ಹಣಮ್ಯಾ, ಗಿಡ ಬ್ಯಾಡಂತ ಹೇಳ್ಯಾರಲ್ಲೋ! ಕಿವಿ ಮನ್ಯಾಗ ಬಿಟ್ಟು ಬಂದಿದ್ದೇನು?”

ಅವನು ನನ್ನನ್ನು ನೋಡಿದ. ಬಂಡೆಯ ಮೇಲಿನ ಮರವನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. “ಅದ್ಯಾಕ ಅಲ್ಲಿ ಇಟ್ಟೀದಿ?”

“ಮರದ ಫೋಟೋ ಬೇಕಂತಲ್ಲ.”

ಹಣಮಂತ ನೆಲಕ್ಕೆ ಕೂತ. ಕೂತವನು ಹೊಟ್ಟೆ ಹಿಡಿದುಕೊಂಡ. ಅವನ ಅಕ್ಕನನ್ನು ತುಮಕೂರಿಗೆ ಕೊಟ್ಟಿದ್ದರು. ಆ ಕಡೆಯ ಮಾತು ಅವನಿಗೆ ಬರುತ್ತಿತ್ತು. “ಲೇ ಶಾಣ್ಯಾ, ಮೈಸೂರು ಕಡೆ ಗಿಡಕ್ಕ ಮರ ಅಂತಾರಲೇ!”

“ಮತ್ತ ಮರಕ್ಕ ಏನಂತಾರ?”

“ಮೊರ.”

“ಮತ್ತ ಗಿಡಕ್ಕ?”

“ಈಗ ಹೇಳಿದ್ನಲ್ಲೋ, ಮರ!”

“ಹಂಗಾರ ಗಿಡ ಬ್ಯಾಡ ಅಂದ್ರಲ್ಲ, ಅದು ಯಾವ ಗಿಡ?”

“ಅದು ಸಣ್ಣ ಗಿಡ. ಬದನಿ, ಮೆಣಸಿನಕಾಯಿ. ಅದಕ್ಕ ಅವರು ಗಿಡ ಅಂತಾರ.”

ಒಂದೇ ಭಾಷೆಯ ಎರಡು ಸೀಮೆಗಳ ನಡುವೆ ಒಂದು ಒತ್ವ ಮತ್ತು ಒಂದು ಮೊಳ ಎತ್ತರದ ವ್ಯತ್ಯಾಸ, ಅಷ್ಟೇ. ಆ ಬಿರುಕಿನಲ್ಲಿ ನನ್ನ ಏಳು ಚಿತ್ರಗಳು ಬಿದ್ದು ಹೋಗಿದ್ದವು. ಅವಸರದಲ್ಲಿ ಕ್ಯಾಮೆರಾವನ್ನು ಆಲದ ಕಡೆ ತಿರುಗಿಸಿ ಗುಂಡಿ ಒತ್ತಿಬಿಟ್ಟೆ. ಒತ್ತಿದ ಮೇಲೆ ನೆನಪಾಯಿತು. ಗಿರಿಜೆಯ ಎಂಟನೆಯದು! ಚಿತ್ರದ ಅಂಕಿ ತೋರಿಸುವ ಕೆಂಪು ಕಿಂಡಿಯಲ್ಲಿ ಇಣುಕಿದರೆ ಇನ್ನೂ ಏಳೇ ಕಾಣುತ್ತಿತ್ತು. ರೀಲು ತಿರುವುವುದನ್ನೇ ಮರೆತು ಏಳನೆಯದರ ಮೇಲೆಯೇ ಇನ್ನೊಂದು ತೆಗೆದಿದ್ದೆ. ತಂಗಿಯ ಚಿತ್ರ ಉಳಿಯಿತು. ಆದರೆ ಆಲ ಹೋಗಿ ಮರದ ಮೇಲೆಯೇ ಕೂತಿತ್ತು. ಇದನ್ನು ಕೇಳಿ ಹಣಮಂತ ಎರಡನೆಯ ಸಲ ನೆಲಕ್ಕೆ ಕೂತ.

ಕೊಪ್ಪಳಕ್ಕೆ ಮರಳುವ ದಾರಿಯುದ್ದಕ್ಕೂ ನಾನು ಜೀವನದಲ್ಲಿ ಮೊದಲ ಸಲ ಗಿಡಗಳನ್ನು ನೋಡಿದೆ. ಅದಕ್ಕೂ ಮೊದಲು ಅವುಗಳ ಕೆಳಗೆ ಕೂತಿದ್ದೆ, ಕಲ್ಲು ಒಗೆದು ಹುಣಸೆ ಬೀಳಿಸಿದ್ದೆ, ಮಳೆಗೆ ನಿಂತಿದ್ದೆ, ನೋಡಿರಲಿಲ್ಲ. ಬೇವಿನದು ಚದರಿದ ನೆರಳು, ಅರಳಿಯದು ಗಾಳಿಯಿಲ್ಲದಾಗಲೂ ಚಡಪಡಿಕೆ, ಜಾಲಿಯದು ಯಾರೂ ಹತ್ತಿರ ಬರಬಾರದೆಂಬ ಮುನಿಸು. ಫೋಟೋಕ್ಕೆ ಹುಣಸೆಯೇ ಸರಿ ಎಂದು ತೀರ್ಮಾನಿಸಿದೆ. ಅದು ಮೈತುಂಬ ಎಲೆ ಹೊದ್ದು, ದುಂಡಗೆ, ಹೆಚ್ಚು ಅಲುಗಾಡದೆ ಊರಿನ ಶ್ರೀಮಂತರ ಹಾಗೆ ನಿಲ್ಲುತ್ತದೆ. ನಮ್ಮ ಹೊಲದ ಅಂಚಿನಲ್ಲಿಯೇ ಅಂಥದೊಂದಿತ್ತು. ಉಳಿದದ್ದು ಒಂದೇ ಚಿತ್ರ, ಅದು ತಂಗಿಯದು. ತಂಗಿಯನ್ನು ಹುಣಸೆಯ ಕೆಳಗೆ ನಿಲ್ಲಿಸಿದರೆ ಕುಷ್ಟಗಿಗೂ ಆಯಿತು, ಸ್ಟೇಷನ್ ಮಾಸ್ತರರಿಗೂ ಆಯಿತು. ಈ ಉಪಾಯ ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆರಗಾದೆ. ಸಾಮಾನ್ಯವಾಗಿ ಇಂಥ ಬೆರಗಿನ ನಂತರವೇ ನನಗೆ ಅನಾಹುತಗಳಾಗುತ್ತವೆ.

ಅವ್ವ ಗಿರಿಜೆಗೆ ಇಳಕಲ್ಲ ಸೀರೆ ಉಡಿಸಿ, ಹೂವಿನ ದಂಡೆ ಮುಡಿಸಿ, “ಮಾರಿ ನಿಚ್ಚಳ ಬರೂಹಂಗ ತಗಿ ತಮ್ಮಾ, ಅಕಿ ನಸೀಬ ನಿನ್ನ ಕೈಯಾಗೈತಿ” ಎಂದು ನಮ್ಮಿಬ್ಬರನ್ನೂ ಹೊಲಕ್ಕೆ ಕಳಿಸಿದಳು. ಹುಣಸೆಯ ಮುಂದೆ ಅವಳನ್ನು ನಿಲ್ಲಿಸಿದೆ. ಕ್ಯಾಮೆರಾದ ಬೆಂಕಿಪೆಟ್ಟಿಗೆಯಷ್ಟು ಗಾಜಿನಲ್ಲಿ ತಂಗಿ ಬಂದಳು, ಗಿಡದ ನೆತ್ತಿ ಬರಲಿಲ್ಲ. ನಾನು ಹಿಂದೆ ಸರಿದೆ. ನೆತ್ತಿ ಬಂತು, ಎಡಗಡೆಯ ಟೊಂಗೆ ಹೋಯಿತು. ಇನ್ನೂ ಸರಿದೆ. ತಂಗಿ ಗಿಡಕ್ಕೆ ಅಡ್ಡವಾಗಿ ಕಂಡಳು.

“ಗಿರಿಜಾ, ಸ್ವಲ್ಪ ಹಿಂದ ಸರಿ!”

ಸರಿದಳು.

“ಇನ್ನಷ್ಟು. ಹಾಂ, ಸಾಕು. ಸಾಕಂದೆ! ಅಳ್ಳಾಡಬ್ಯಾಡ!”

ಗಿಡ ಪೂರ್ತಿಯಾಗಿ ಗಾಜಿನೊಳಗೆ ಕೂತಿತು. ಬೇರಿನಿಂದ ನೆತ್ತಿಯವರೆಗೆ ಎಂಥ ಗಾಂಭೀರ್ಯ! ಗುಂಡಿ ಒತ್ತಿದೆ.

ರೀಲನ್ನು ಗದಗಿಗೆ ಕಳಿಸಿ ತೊಳೆಸಿದ್ದಾಯಿತು. ಚಿತ್ರಗಳು ಬಂದ ದಿನ ಅಂಚೆಯವರ ಮುಂದೆಯೇ ಲಕೋಟೆ ಹರಿದೆ. ಹುಣಸೆ ಅದ್ಭುತವಾಗಿತ್ತು. ಒಂದೊಂದು ಟೊಂಗೆಯೂ ಎಣಿಸಬಹುದಿತ್ತು. ಬೊಡ್ಡೆಯ ಎಡಕ್ಕೆ ಜೋಳದ ಕಾಳಿನಷ್ಟು ಏನೋ ಮಸುಕಾಗಿತ್ತು. ಅದೇ ನನ್ನ ತಂಗಿ. ಅಪ್ಪನಿಗೆ ತೋರಿಸುವ ಧೈರ್ಯವಾಗಲಿಲ್ಲ. ಬೇರೆ ರೀಲು ಇರಲಿಲ್ಲ. ಕೈಯಲ್ಲಿದ್ದ ಎರಡು ಪ್ರತಿಗಳಲ್ಲಿ ಒಂದನ್ನು ಹೈದರಾಬಾದಿಗೆ ಹಾಕಿದೆ, ಒಂದನ್ನು ಸ್ಟೇಷನ್ ಮಾಸ್ತರರಿಗೆ ಕೊಟ್ಟೆ.

ಪಂದ್ಯದ ತೀರ್ಪು ಮೊದಲು ಬಂತು. ಮಾಸ್ತರರು ನನ್ನ ಹುಣಸೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಮರ ಬಹಳ ಚೆನ್ನಾಗಿದೆ. ಆದ್ರೆ ಬುಡದಲ್ಲಿ ಏನೋ ಅಡ್ಡ ಬಂದುಬಿಟ್ಟಿದೆಯಲ್ಲಾ… ಆಕಳೇ?”

“ಆಕಳಲ್ರಿ,” ಎಂದೆ, “ತಂಗಿ.”

ಮೊರಗಳ ಸಂಗತಿಯನ್ನು ಹಣಮಂತ ಆಗಲೇ ಸಾಭಿನಯವಾಗಿ ವರ್ಣಿಸಿದ್ದ. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಆ ಏಳನ್ನೂ ನೋಡಿದರು. ಕೊನೆಯದರಲ್ಲಿ ಆಲದ ಬೇರುಗಳ ನಡುವಿನಿಂದ ಅವ್ವನ ಮೊರ ಹುಣ್ಣಿಮೆಯ ಚಂದ್ರನಂತೆ ಮೇಲೇಳುತ್ತಿತ್ತು. ಅವರ ಮನೆಯವರು ಒಳಗಿನಿಂದ ಬಂದು, ಇಂಥ ಒಳ್ಳೆಯ ಮೊರ ಈ ಊರಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನನ್ನ ಕಲೆಗೆ ಅಂದು ಸಿಕ್ಕ ಮೆಚ್ಚುಗೆ ಅದೊಂದೇ. ಬಹುಮಾನದ ರೀಲು ಹಣಮಂತನಿಗೆ ಹೋಯಿತು. ನನಗೆ ಎರಡನೆಯ ಸ್ಥಾನ. ಉಳಿದಿಬ್ಬರಿಗೆ ರೀಲೇ ಸಿಕ್ಕಿರಲಿಲ್ಲವೆಂಬುದನ್ನು ಮನೆಯಲ್ಲಿ ನಾನು ಹೇಳಲಿಲ್ಲ.

ಕುಷ್ಟಗಿಯ ಕಾಗದ ಆಮೇಲೆ ಬಂತು. ಅಪ್ಪ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದರು: “ತಾವು ಕಳಿಸಿದ ಹುಣಸೆಯ ಗಿಡವು ನಮ್ಮ ಚಿರಂಜೀವಿಗೆ ಪಸಂದ ಆಗಿದೆ. ಕನ್ಯೆಯು ಎಲ್ಲಿರುತ್ತಾಳೆ ಎಂಬುದನ್ನು ತಿಳಿಸಬೇಕು.”

“ಗಿಡಕ್ಕ ತಾಳಿ ಕಟ್ಟಸಬೇಕಂತ ಮಾಡೀಯೇನಲೇ?” ಎಂದು ಅಪ್ಪ ನನ್ನ ಕಡೆ ತಿರುಗಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಲಬುರ್ಗಿಯವರದು ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂಡ್ರಿಸಿ ತೆಗೆಸಿದ ಫೋಟೋ ಅಂತೆ, ಅದರಲ್ಲಿ ಮೂಗುತಿಯ ಹರಳು ಕೂಡ ಕಾಣುತ್ತದಂತೆ. ನಾನು ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಆ ರಾತ್ರಿ ದಿನಚರಿಯಲ್ಲಿ ಚಿತ್ರ ಮಸುಕಾಗಲು ಕಾರಣಗಳನ್ನು ಬರೆದೆ: ಬೆಳಕು, ಧೂಳು, ನನ್ನ ಕೈಯ ನಡುಕ, ಗದಗಿನ ನೀರು. ಒಂದು ಸಂಬಂಧ ನನ್ನಿಂದ ಕೆಟ್ಟಿತಲ್ಲ ಎಂಬುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇಷ್ಟರಲ್ಲಿ ಒಬ್ಬಳೇ ಒಬ್ಬಳು ನೆಮ್ಮದಿಯಾಗಿ ಶೇಂಗಾ ಸುಲಿಯುತ್ತಿದ್ದಳು, ಗಿರಿಜೆ. ಪಾಪ, ದುಃಖ ನುಂಗಿಕೊಂಡಿದ್ದಾಳೆ ಎಂದುಕೊಂಡೆ.

ಆದರೆ ಕಾಗದದ ಹಿಂದೆಯೇ ಹುಡುಗ ಬಂದ. ತನ್ನ ಸೋದರಮಾವನೊಬ್ಬನನ್ನು ಕರೆದುಕೊಂಡು, ತಿಳಿಸದೆಯೇ, ಒಂದು ಮಧ್ಯಾಹ್ನ ಚನ್ನಬಸಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವಸರದಲ್ಲಿ ಪಡಸಾಲೆಯ ಮೂಲೆಯಲ್ಲಿ ಜಮಖಾನೆ ಹಾಸಿದೆವು. ಗಿರಿಜೆ ಅವಲಕ್ಕಿಯ ತಾಟು ತಂದಿಟ್ಟು ಕಂಬದ ಹತ್ತಿರ ಕೂತಳು. ಮಾವ ಹೆಸರು ಕೇಳಿದ, ಓದು ಕೇಳಿದ, ಕೇಳುವುದು ಮುಗಿಯಿತು. ಆಗ ಹುಡುಗ ಅಂಗಿಯ ಜೇಬಿನಿಂದ ನನ್ನ ಹುಣಸೆಯನ್ನು ತೆಗೆದ.

“ನಂದೊಂದು ಮಾತು ಕೇಳೂದೈತ್ರಿ,” ಎಂದ ನೇರವಾಗಿ ಅವಳಿಗೆ. “ಇದರಾಗ ಗಿಡದ ಟೊಂಗಿ ಒಂದೊಂದೂ ನಿಚ್ಚಳ ಅದಾವ. ನೀವಷ್ಟ ಮಸಕು. ಕ್ಯಾಮೆರಾ ಕೆಟ್ಟಿದ್ರ ಗಿಡಾನೂ ಮಸಕಾಗಬೇಕಿತ್ತು. ನೀವು ಅಳ್ಳಾಡಿದ್ರೇನು?”

ಅಪ್ಪ ಕೆಮ್ಮಿದರು. ಅವ್ವ ಒಳಬಾಗಿಲಿನಿಂದ ಇಣುಕಿದಳು.

“ಹಿಂದ ಸರದ್ನಿರಿ,” ಎಂದಳು ಗಿರಿಜೆ.

“ನಿಮ್ಮಣ್ಣಾವ್ರು ಸರಿ ಅಂದ್ರೇನು?”

“ಅಂವ ಸಾಕು ಅಂದ ಮ್ಯಾಲೂ ಸರದ್ನಿ.”

ನಾನು ತಾಟಿನ ಅವಲಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಯಾಕ್ರಿ? ಈ ಸಂಬಂಧ ಬ್ಯಾಡಾಗಿತ್ತೇನು?”

“ಬೇಕೋ ಬ್ಯಾಡೋ ನೋಡದಽ ಹೆಂಗ ಹೇಳಲಿ?” ಅವಳ ದನಿ ಸಣ್ಣದಿತ್ತು. “ಫೋಟೋದಾಗ ನಾ ಛಂದಗೆ ಕಂಡಿದ್ರ ನೀವು ಅಲ್ಲೇ ಕುಂತು ಹೂಂ ಅಂತಿದ್ರಿ. ಇಲ್ಲಾ ಉಹೂಂ ಅಂತಿದ್ರಿ. ಕಾಣಲಿಲ್ಲಂದ್ರ ನೋಡಾಕ ಬರಬೇಕಾಗತೈತಿ. ನೀವು ಬಂದ್ರ, ನಾನೂ ನೋಡತೀನಿ.”

ಸೋದರಮಾವ ಅಪ್ಪನನ್ನು ನೋಡಿದ, ಅಪ್ಪ ತೊಲೆಯನ್ನು ನೋಡಿದರು. ಆ ಹುಡುಗ ಮಾತ್ರ ಚಿತ್ರವನ್ನು ಜೋಪಾನವಾಗಿ ಮತ್ತೆ ಜೇಬಿಗೆ ಇಟ್ಟುಕೊಂಡು, “ಈಗ ಬಂದೀನಲ್ರಿ. ನೋಡಿದ್ರಿ?” ಎಂದ.

ಗಿರಿಜೆ ತಲೆ ಎತ್ತಿದಳು. ನಾನು ಯಾವ ಗಿಡದ ಮುಂದೆಯೂ ಅಷ್ಟು ಹೊತ್ತು ನಿಂತವನಲ್ಲ. ಅವಳು ಕಣ್ಣು ಮಿಟುಕಿಸದೆ, ಅವಸರವಿಲ್ಲದೆ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಹೇಳಿದಳು:

“ನೀವು ಕುಂತಲ್ಲಿ ಕತ್ತಲಾಗೈತಿ. ಸ್ವಲ್ಪ ಬೆಳಕಿಗೆ ಸರೀರಿ.”

ಹೈದರಾಬಾದಿನ ಮಾಸ್ತರ, ಕೂತ ಜಮಖಾನೆಯ ಸಮೇತ, ಬಾಗಿಲಿನಿಂದ ಓರೆಯಾಗಿ ಬೀಳುತ್ತಿದ್ದ ಬಿಸಿಲಿಗೆ ಸರಿದ.